ಪ್ರೊಪೆಲ್ಲರ್ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಹಾಯಿದೋಣಿಗೆ ಪ್ರೊಪೆಲ್ಲರ್ ಯಾವುದಾದರೇನು ಅಂತ ನಾನೂ ಅಂದುಕೊಂಡಿದ್ದೆ. 16 ಇಂಚು ವ್ಯಾಸ, 13 ಇಂಚು ಪಿಚ್‌ನ ಮೂರು ರೆಕ್ಕೆಯದನ್ನು ಹಾಕಿಸಿದೆ (ಪಿಚ್ ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ). ನಿಮಿಷಕ್ಕೆ 3,600 ಸುತ್ತು ಮುಟ್ಟಬೇಕಿದ್ದ ಇಂಜಿನ್ 3,200ಕ್ಕೇ ಏದುಸಿರು ಬಿಟ್ಟಿತು. ಹಿಂದೆ ಕಪ್ಪು ಹೊಗೆ! ಪಿಚ್ ಜಾಸ್ತಿಯಾಗಿತ್ತು, ಅಷ್ಟೇ. ಎರಡು ಇಂಚು ಇಳಿಸಿದ ಮೇಲೆ ಸರಿಹೋಯಿತು.

ಆದರೆ ಹಾಯಿ ಬಿಚ್ಚಿದಾಗ ಈ ರೆಕ್ಕೆಗಳು ಬ್ರೇಕ್ ಹಿಡಿದಂತೆ ದೋಣಿಯನ್ನು ಹಿಂದಕ್ಕೆಳೆಯುತ್ತವೆ. ಮಡಚುವ ಪ್ರೊಪೆಲ್ಲರ್‌ಗೆ ಆ ಕಾಟ ಕಡಿಮೆ, ರಿವರ್ಸ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಬಲ ಸಾಲದು. ರೆಕ್ಕೆ ತಿರುಗಿ ನೀರಿನ ಹರಿವಿಗೆ ನೇರವಾಗುವ ಫೆದರಿಂಗ್ ಬಗೆ ಎರಡಕ್ಕೂ ಒಗ್ಗುತ್ತದೆ. ಬೆಲೆ ಕೇಳಬೇಡಿ!

ನನಗೆ ಮಾರಿದವರು ದೋಣಿಯ ತೂಕ, ಗೇರ್ ಅನುಪಾತ ಏನನ್ನೂ ಕೇಳದೆ ಸುಮ್ನೆ ಒಂದನ್ನು ಕೈಗಿತ್ತರು. ಈ ಬಗ್ಗೆ ನಿಮ್ಮ ಪತ್ರಿಕೆ ಒಂದು ಲೇಖನ ಹಾಕಬಹುದಲ್ವಾ?

– ಹಾಯಿದೋಣಿಯ ಓದುಗ