ಬಾಳು ಕಟ್ಟಿದ ಕೈ

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರವೂ ಊರ ದೈವದ ಆರಾಧನೆಯಾದ ನೇಮದ ಆಮಂತ್ರಣವೂ ಒಟ್ಟಿಗೆ ಕೈಸೇರಿದವು. ನೇಮದ ಮರುದಿನ ಗದ್ದೆಯಲ್ಲಿ ಕೋಳಿ ಅಂಕ, ಅಂದರೆ ಕಾಲಿಗೆ ಕತ್ತಿ ಕಟ್ಟಿದ ಹುಂಜಗಳ ಕಾಳಗವಿದೆ, ಈ ಸಲವಾದರೂ ನೆಪ ಹೇಳಬೇಡ ಎಂದು ಬರೆದಿದ್ದೀಯ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ನೆಪವೇ ಎಂಬುದು ನಿಜ. ರಜೆ ಇಲ್ಲ, ಬಸ್ಸು ಸಿಗಲಿಲ್ಲ, ಮಗುವಿಗೆ ಜ್ವರ ಎಂದು ಪ್ರತಿ ವರ್ಷ ಜಾರಿಕೊಂಡವನು ನಾನು. ಆದರೆ ಈ ಬಾರಿ ನೀನು ಅಂಕವನ್ನು ಸಮರ್ಥಿಸಿ ನಾಲ್ಕು ಪುಟ ಬರೆದಿರುವಾಗ, ಇನ್ನೊಂದು ನೆಪ ಹುಡುಕುವುದು ನಮ್ಮ ಸ್ನೇಹಕ್ಕೆ ಮರ್ಯಾದೆ ಎನಿಸಲಾರದು. ನಮ್ಮೂರಿನ ಇತರರೂ ಓದಲಿ ಎಂದು ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಅದಕ್ಕಾಗಿ ನಿನ್ನ ಕ್ಷಮೆಯಿರಲಿ.

ನಾನು ಅಂಕವನ್ನು ದೂರದಿಂದ ನೋಡಿ ಮೂಗು ಮುರಿಯುವವನಲ್ಲ ಎಂಬುದು ನಿನಗೆ ಗೊತ್ತು. ಹತ್ತನೆಯ ವಯಸ್ಸಿನಲ್ಲಿ ಮಾವನ ಕೆಮ್ಮೈರೆ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಗದ್ದೆಯವರೆಗೆ ಹೊತ್ತವನು ನಾನೇ. ಹುಂಜದ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುವುದು ಎಲ್ಲರಿಗೂ ಬರುವ ಕೆಲಸವಲ್ಲ. ನೂಲನ್ನು ಎಷ್ಟು ಸುತ್ತು ಬಿಗಿಯಬೇಕು, ಅಲಗು ಯಾವ ಕಡೆಗೆ ವಾಲಬೇಕು ಎಂಬುದನ್ನು ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಅವರು ಕಟ್ಟುತ್ತಿದ್ದಷ್ಟು ಹೊತ್ತೂ ಹುಂಜದ ಎದೆ ನನ್ನ ಅಂಗೈಯೊಳಗೆ ಬಡಿದುಕೊಳ್ಳುತ್ತಿತ್ತು. ಕಾಳಗ ಮುಗಿಯಲು ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ನಮ್ಮದು ಗೆದ್ದಿತು, ಆದರೆ ಅದರ ಹೊಟ್ಟೆ ಸೀಳಿತ್ತು. ಮಾವ ಬದುವಿನ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸಿ ಹೊಲಿದು, ಅರಸಿನ ಮೆತ್ತಿ, ಅದರ ಮುಖಕ್ಕೆ ನೀರು ಚಿಮುಕಿಸಿದರು. ಅವರ ಕಣ್ಣು ತುಂಬಿತ್ತು. ಸೋತ ಹುಂಜ ಗೆದ್ದವನ ಪಾಲು ತಾನೆ, ಅದನ್ನು ತಲೆಕೆಳಗಾಗಿ ಹಿಡಿದು ಮನೆಗೆ ತಂದೆವು, ರಾತ್ರಿ ಸಾರಾಯಿತು. ಮಾವನ ಕಣ್ಣೀರು ಸುಳ್ಳೆಂದು ಇಂದಿಗೂ ನಾನು ಹೇಳಲಾರೆ. ಅದೇ ಮಾವ ಅರ್ಧ ಗಂಟೆ ಮೊದಲು ಬಾಳು ಸಾಕಷ್ಟು ಹರಿತವಾಗಿದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿದ್ದರು ಎಂಬುದೇ ನನ್ನನ್ನು ಕಾಡುವುದು.

"ಹುಂಜಗಳು ಹುಟ್ಟಾ ಜಗಳಗಂಟಿಗಳು, ನಾವು ಬಿಡದಿದ್ದರೂ ಅಂಗಳದಲ್ಲಿ ಕಾದಾಡುತ್ತವೆ" ಎಂದಿದ್ದೀಯ. ಕಾದಾಡುತ್ತವೆ, ನಾನೂ ಕಂಡಿದ್ದೇನೆ. ಆದರೆ ಅಂಗಳದ ಜಗಳ ಹೇಗೆ ಮುಗಿಯುತ್ತದೆ ಎಂಬುದನ್ನೂ ನೆನಪಿಸಿಕೊ. ಕುತ್ತಿಗೆಯ ಗರಿ ಕೆದರಿಸಿ ಎರಡೂ ನಾಲ್ಕಾರು ಬಾರಿ ಹಾರಿ ಒದೆಯುತ್ತವೆ. ಅಷ್ಟರಲ್ಲಿ ಒಂದಕ್ಕೆ ತನ್ನ ಅಳವು ತಿಳಿದುಹೋಗುತ್ತದೆ, ಅದು ತಲೆ ತಗ್ಗಿಸಿ ಹಟ್ಟಿಯ ಹಿಂದಕ್ಕೆ ಓಡುತ್ತದೆ, ಗೆದ್ದದ್ದು ಬೇಲಿಯವರೆಗೆ ಅಟ್ಟಿ ಕೂಗಿ ಹಿಂದಿರುಗುತ್ತದೆ. ಮರುದಿನ ಎರಡೂ ಅದೇ ತಿಪ್ಪೆಯನ್ನು ಕೆದರುತ್ತಿರುತ್ತವೆ. ಅಂಕದಲ್ಲಿ ಇಲ್ಲವಾಗುವುದು ಈ ಓಡಿಹೋಗುವ ದಾರಿ. ಸುತ್ತ ಜನ ಗೋಡೆಯಂತೆ ನಿಂತಿರುತ್ತಾರೆ. ಹಿಂಜರಿದ ಹುಂಜವನ್ನು ಎತ್ತಿ ಎದುರಾಳಿಯ ಕೊಕ್ಕಿಗೆ ಕೊಕ್ಕು ತಾಗಿಸಿ ಮತ್ತೆ ಬಿಡುತ್ತಾರೆ. ಕಾಲಿನ ಮುಳ್ಳು ಚರ್ಮ ಕೆರೆಯುತ್ತಿದ್ದ ಜಾಗದಲ್ಲಿ ಕಬ್ಬಿಣದ ಅಲಗು ಕರುಳನ್ನು ಕೊಯ್ಯುತ್ತದೆ. ಎಲ್ಲವೂ ಸ್ವಭಾವವೇ ಆಗಿದ್ದರೆ ಇಷ್ಟೊಂದು ಕೈಕೆಲಸ ಏಕೆ ಬೇಕಾಯಿತು, ಮಾರಾಯ? ಬೊಳ್ಳೆ, ಉರಿಯೆ, ಕುಪ್ಪುಳೆ ಎಂದು ಬಣ್ಣ ಗುರುತಿಸಿ, ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಕುಕ್ಕುಟ ಪಂಚಾಂಗ ತೆರೆದು ನೋಡುವವರ ತಿಳಿವಳಿಕೆಯನ್ನು ನಾನು ಹೀಗಳೆಯುವುದಿಲ್ಲ. ಅಷ್ಟು ಸೂಕ್ಷ್ಮವಾಗಿ ಹಕ್ಕಿಯನ್ನು ನೋಡಬಲ್ಲವರಿಗೆ ಅದು ಓಡಬಯಸುವ ಕ್ಷಣ ಮಾತ್ರ ಕಾಣಿಸುವುದಿಲ್ಲ ಎಂದರೆ ನಂಬುವುದು ಕಷ್ಟ.

ಜನ್ನ 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನು ಕಾಲೇಜಿನಲ್ಲಿ ಒಂದೇ ಪುಸ್ತಕ ಹಂಚಿಕೊಂಡು ಓದಿದ್ದೆವು. ಅಲ್ಲಿ ಅರಸನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಹಿಟ್ಟಿಗೆ ಜೀವವಿಲ್ಲ, ಆದ್ದರಿಂದ ಪಾಪವೂ ಇಲ್ಲ ಎಂಬುದು ಅವನ ಲೆಕ್ಕಾಚಾರ. ಆದರೆ ಕತ್ತಿ ಬಿದ್ದಾಗ ಆ ಕೋಳಿ ಕೂಗಿಬಿಡುತ್ತದೆ. ಮುಂದೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಆ ಜನ್ಮಗಳಲ್ಲಿ ಕಡೆಯದು ಕೋಳಿಗಳ ಜನ್ಮವೇ. ಜನ್ಮಾಂತರದ ಕತೆಯನ್ನು ನೀನು ನಂಬಬೇಕಿಲ್ಲ, ನಾನೂ ಅಕ್ಷರಶಃ ನಂಬುವುದಿಲ್ಲ. ಕೊಲ್ಲುವ ಸಂಕಲ್ಪವೇ ಕೊಲೆಯ ತೂಕ ಹೊರುತ್ತದೆ ಎಂಬ ಕವಿಯ ನಿಷ್ಠುರ ಲೆಕ್ಕ ಮಾತ್ರ ನನ್ನನ್ನು ಬಿಟ್ಟಿಲ್ಲ. "ನಾವು ಕಡಿಯುವುದಿಲ್ಲ, ಅವೇ ಕಡಿದುಕೊಳ್ಳುತ್ತವೆ" ಎಂಬ ನಿನ್ನ ವಾಕ್ಯ ಯಶೋಧರನ ಲೆಕ್ಕಾಚಾರಕ್ಕಿಂತ ದುರ್ಬಲವಾದದ್ದು. ಅವನ ಕೋಳಿಗಾದರೂ ನೆತ್ತರಿರಲಿಲ್ಲ.

ನಿನ್ನ ವಾದಗಳಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಒಂದೇ. ವಾರಕ್ಕೊಮ್ಮೆ ಅಂಗಡಿಯಿಂದ ಬ್ರಾಯ್ಲರ್ ತಂದು ತಿನ್ನುವ ನೀನು ಅಂಕದ ಕೋಳಿಗಾಗಿ ಮರುಗುವುದು ಯಾವ ನ್ಯಾಯ ಎಂದು ಕೇಳಿದ್ದೀಯ. ಫಾರಂನ ಕೋಳಿ ಸುಮಾರು 40 ದಿನಕ್ಕೆ ಕತ್ತಿಗೆ ಸಿದ್ಧವಾಗುತ್ತದೆ; ಮೈ ಬೆಳೆದಷ್ಟು ಬೇಗ ಕಾಲು ಗಟ್ಟಿಯಾಗುವುದಿಲ್ಲ, ಎಷ್ಟೋ ಕೋಳಿಗಳು ನೆಟ್ಟಗೆ ನಡೆಯಲಾರವು. ನಿಮ್ಮ ಹಟ್ಟಿಯ ಹುಂಜವಾದರೋ ಒಂದು ವರ್ಷಕ್ಕೂ ಮಿಕ್ಕಿ ರಾಜನ ಹಾಗೆ ಬದುಕುತ್ತದೆ, ಅದರ ಮೇವು ನೋಡಿದರೆ ಮನೆಯ ಮಕ್ಕಳಿಗೆ ಹೊಟ್ಟೆಕಿಚ್ಚಾಗಬೇಕು. ಈ ಎರಡು ಬಾಳುವೆಗಳಲ್ಲಿ ಒಂದನ್ನು ಆರಿಸಿಕೊ ಎಂದರೆ ಕೋಳಿಯು ನಿನ್ನ ಹಟ್ಟಿಯನ್ನೇ ಆರಿಸಿಕೊಂಡೀತು. ಇದನ್ನು ಒಪ್ಪುತ್ತೇನೆ, ನನ್ನ ತಟ್ಟೆಯ ಬಗೆಗಿನ ನಾಚಿಕೆಯನ್ನೂ ಒಪ್ಪುತ್ತೇನೆ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಮಾಂಸದಂಗಡಿಯವನಿಗೆ ಕೋಳಿಯ ನೋವು ಬೇಕಾಗಿಲ್ಲ. ನೋವಿಲ್ಲದೆ ಕೊಲ್ಲುವ ಉಪಾಯ ಸಿಕ್ಕರೆ ಅವನ ವ್ಯಾಪಾರಕ್ಕೆ ಏನೂ ನಷ್ಟವಿಲ್ಲ. ಅಂಕದಿಂದ ನೋವನ್ನೂ ಗಾಯವನ್ನೂ ತೆಗೆದುಬಿಡು, ಗದ್ದೆಯಲ್ಲಿ ಉಳಿಯುವುದೇನು? ಜನ ಸೇರುವುದೇ ಅದಕ್ಕೆ, ಪಣ ಕಟ್ಟುವುದೂ ಅದರ ಮೇಲೆಯೇ. ನನ್ನ ತಪ್ಪು ನಿನ್ನ ತಪ್ಪಿಗಿಂತ ದೊಡ್ಡದೇ ಇರಬಹುದು. ಆದರೆ ಅದನ್ನು ತೋರಿಸಿ ಇದನ್ನು ತೊಳೆಯಲಾಗದು.

ದೈವದ ಮಾತನ್ನು ನಾನು ಹಗುರವಾಗಿ ಎತ್ತುವುದಿಲ್ಲ. ಮಣ್ಣಿಗೆ ನೆತ್ತರು ಬೀಳಬೇಕು ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಆದರೆ ನಂಬಿಕೆಗೆ ಒಂದು ಜೊತೆ ಹುಂಜ ಸಾಲದೆ? ಮೂರು ದಿನ, ಸಾಲು ಸಾಲು ಹುಂಜ, ಜೀಪಿನಲ್ಲಿ ಬರುವ ಪಣದ ಹಣ, ಪಕ್ಕದಲ್ಲೇ ಆಡುವ ಇತರ ಜೂಜು, ಇವನ್ನೆಲ್ಲ ಯಾವ ದೈವ ಕೇಳಿತ್ತು? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್, ಕೇವಲ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನೂ ಅದಕ್ಕೆ ಜಾಗ ಒದಗಿಸುವುದನ್ನೂ ಅಪರಾಧವೆಂದು ಹೇಳುತ್ತದೆ. ಆ 'ಮನರಂಜನೆ' ಎಂಬ ಪದದಿಂದ ನುಣುಚಿಕೊಳ್ಳುವುದಕ್ಕೆ ದೈವದ ಹೆಸರು ಬಹಳ ಅನುಕೂಲವಾಗಿ ಒದಗುತ್ತದೆ ಎಂಬ ಗುಮಾನಿ ನನ್ನದು.

ಕಾನೂನನ್ನು ಮುಂದಿಟ್ಟು ನಿನ್ನನ್ನು ಹೆದರಿಸುವ ಉದ್ದೇಶ ನನಗಿಲ್ಲ. ಹೆದರಿಸುವಷ್ಟು ಬಲ ಅದಕ್ಕಿಲ್ಲ. ಮೊದಲ ಬಾರಿಯ ತಪ್ಪಿಗೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಗದ್ದೆಯ ಬದಿಯಲ್ಲಿ ಒಂದು ಪ್ಲೇಟು ಸುಕ್ಕಕ್ಕೂ ಅಷ್ಟು ಸಾಲದು. ಪೊಲೀಸರು ದಾಳಿ ಮಾಡಿದರೆ ಹಿಡಿದ ಹುಂಜಗಳನ್ನು ಹರಾಜು ಹಾಕುವುದುಂಟು. ಸಾಕಿದವನೇ ಬಿಡ್ ಕೂಗಿ ತನ್ನ ಹುಂಜವನ್ನು ಬಿಡಿಸಿಕೊಂಡು ಮುಂದಿನ ಅಂಕಕ್ಕೆ ಒಯ್ದ ಕತೆಯನ್ನು ನೀನೇ ನಗುತ್ತ ಹೇಳಿದ್ದೆ. (2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ ಹುಂಜದ ಕಾಲಿನ ಕತ್ತಿ ತಗುಲಿ ಅದನ್ನು ತಂದಿದ್ದವನೇ ತೀರಿಕೊಂಡಾಗ ಹುಂಜವನ್ನು ಠಾಣೆಗೆ ಒಯ್ದಿದ್ದರು. ಕತ್ತಿ ಕಟ್ಟಿಕೊಂಡದ್ದು ತಾನಲ್ಲ ಎಂದು ಅದು ಯಾರಿಗೆ ಹೇಳಬೇಕಿತ್ತು?) ಕಂಬಳಕ್ಕೆ ಸಿಕ್ಕ ರಿಯಾಯಿತಿ ಅಂಕಕ್ಕೇಕಿಲ್ಲ ಎಂಬ ನಿನ್ನ ದೂರಿಗೆ ಉತ್ತರ ಸರಳವಾಗಿದೆ. ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆದ 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದದ್ದು ಕಂಬಳ ಮತ್ತು ಎತ್ತುಗಳ ಓಟಕ್ಕಾಗಿ. 2023ರ ಮೇ 18ರಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದೂ ಅದನ್ನೇ. ಕೋಣದ ಬೆನ್ನಿಗೆ ಬೀಳುವ ಬೆತ್ತದ ಬಗ್ಗೆ ನನಗೆ ತಕರಾರಿದೆ, ಆದರೆ ಅಲ್ಲಿ ಒಂದು ಕೋಣ ಇನ್ನೊಂದನ್ನು ಸೀಳಿದರೆ ಮಾತ್ರ ಓಟ ಮುಗಿಯುತ್ತದೆ ಎಂಬ ನಿಯಮವಿಲ್ಲ.

ಕಡೆಯದಾಗಿ ಪರಂಪರೆ. ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕೋಳಿ, ಟಗರು, ಕೋಣಗಳ ಕಾಳಗ ಅರಸರ ವಿನೋದಗಳ ಪಟ್ಟಿಯಲ್ಲಿದೆ ಎಂದು ನೆನಪಿಸಿದ್ದೀಯ. ಇದೆ, ಹಳೆಯದು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆತಕೂರಿನ ಕಲ್ಲನ್ನೂ ಉದಾಹರಿಸಿದ್ದೀಯ. 949ರ ತಕ್ಕೋಲ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯನ್ನು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು, ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ನಾನು ಬಹಳ ಹೊತ್ತು ನೋಡಿದ್ದೇನೆ. ಕಾಳಿ ಮತ್ತು ಹಂದಿ ಎದುರುಬದುರಾಗಿ ಸೆಣಸುತ್ತಿವೆ. ಬಿಟ್ಟವನ ಚಿತ್ರ ಆ ಸೆಣಸಾಟದಲ್ಲಿ ಎಲ್ಲೂ ಇಲ್ಲ. ಮಾವನ ಕೆಮ್ಮೈರೆ ಮುಂದಿನ ವರ್ಷ ಇನ್ನೊಂದು ಅಂಕದಲ್ಲಿ ಸೋತಿತು. ಅದು ಯಾರ ಮನೆಯ ಸಾರಾಯಿತು ಎಂದು ಮಾವ ವಿಚಾರಿಸಲಿಲ್ಲ, ನಾನೂ ಕೇಳಲಿಲ್ಲ.

ನೇಮಕ್ಕೆ ಖಂಡಿತ ಬರುತ್ತೇನೆ. ರಾತ್ರಿಯಿಡೀ ನಿನ್ನ ಪಕ್ಕದಲ್ಲೇ ಕುಳಿತಿರುತ್ತೇನೆ. ಮರುದಿನ ನೀವೆಲ್ಲ ಗದ್ದೆಗೆ ಹೊರಟಾಗ ನಾನು ಅಮ್ಮನ ಜೊತೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿರುತ್ತೇನೆ, ಕರೆದು ಮುಜುಗರಪಡಿಸಬೇಡ. ರಾತ್ರಿ ಕೋರಿ ರೊಟ್ಟಿ ಮಾಡುವುದಾದರೆ ನನಗೂ ಒಂದು ಎಲೆ ಇರಲಿ. ಆದರೆ ಕೋಳಿ ಗದ್ದೆಯಿಂದ ಬಂದದ್ದಾದರೆ ಬಡಿಸುವ ಮೊದಲೇ ಹೇಳಿಬಿಡು.

ನಿನ್ನವ,
ಒಂದೇ ಬೆಂಚಿನ ಜೊತೆಗಾರ