ಮೇಲಿನ ಮನೆಯವರ ಲೆಕ್ಕ

ಬೆಂಗಳೂರು,
ಡಿಸೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮೊನ್ನೆ ರಾತ್ರಿ ಫೋನಿನಲ್ಲಿ ಅಳುತ್ತಾ ಕೇಳಿದೆ. "ಕ್ರಿಶ್ಚಿಯನ್ ಅಂದ್ಮೇಲೆ ಎಲ್ಲಾ ಸಹಿಸಿಕೊಂಡು ಸುಮ್ನೆ ಇರಬೇಕಾ ದೊಡ್ಡಪ್ಪ?" ನಾನು "ಪ್ರಾರ್ಥನೆ ಮಾಡಮ್ಮ" ಅಂದು ಫೋನ್ ಇಟ್ಟೆ. ಅದು ಉತ್ತರ ಅಲ್ಲ, ಜಾರಿಕೊಂಡಿದ್ದು. ಅದಕ್ಕೇ ಈ ಕಾಗದ.

ಕಾವೇರಿ ನೀರು ಬರುವ ದಿನ ನಿಮ್ಮ ಟ್ಯಾಂಕ್ ತುಂಬುವ ಮೊದಲೇ ಮೇಲಿನ ಮನೆಯಾಕೆ ಮೋಟಾರ್ ಆಫ್ ಮಾಡುತ್ತಾರೆ. ಮಗು ಮೆಟ್ಟಿಲ ಕೆಳಗೆ ಸೈಕಲ್ ಇಟ್ಟರೆ ಬೈಗುಳ. ಮನೆಯಲ್ಲಿ ನಾಲ್ಕು ಜನ ಕೂತು ಕೀರ್ತನೆ ಹಾಡಿದರೆ ಓನರ್‌ಗೆ ಫೋನ್. ಇದನ್ನೆಲ್ಲ ಮೊಬೈಲಿನಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೀಯಂತೆ. 17 ಆಗಿದೆ ಅಂದೆ.

ಲೆಕ್ಕ ಇಡುವುದರಲ್ಲಿ ನಾನು ನಿನ್ನನ್ನು ಮೀರಿಸಿದವನು ಪುಟ್ಟಿ. 1987ರಲ್ಲಿ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದೆ. ಒಂದು ಸಂಜೆ 1,200 ರೂಪಾಯಿ ಕಡಿಮೆ ಬಂತು. ಕಟ್ಟು ಎಣಿಸಿದ್ದು ನನ್ನ ಸೀನಿಯರ್. ಮ್ಯಾನೇಜರ್ ಮುಂದೆ ನನ್ನ ಕಡೆ ಕೈ ತೋರಿಸಿದರು. ಅರ್ಧ ಸಂಬಳಕ್ಕಿಂತ ಜಾಸ್ತಿ ದುಡ್ಡು ನನ್ನ ಜೇಬಿನಿಂದ ಹೋಯಿತು. ಆ ತಿಂಗಳು ನಿನ್ನ ದೊಡ್ಡಮ್ಮ ಹಾಲು ಅರ್ಧ ಲೀಟರಿಗೆ ಇಳಿಸಿದಳು. ಆಮೇಲೆ ಒಂಬತ್ತು ವರ್ಷ ಆ ಮನುಷ್ಯನ ಮುಖ ನೋಡಲಿಲ್ಲ. ಇಬ್ಬರದೂ ಒಂದೇ ಬಸ್ಸು. ಅವರ ಜೊತೆ ನಡೆಯಬಾರದು ಅಂತ ಹಡ್ಸನ್ ಸರ್ಕಲ್‌ಗೆ ಒಂದು ಸ್ಟಾಪ್ ಮುಂಚೆಯೇ ಇಳಿದುಬಿಡುತ್ತಿದ್ದೆ. ಮಳೆ ಬಂದರೂ.

ಒಂದು ಭಾನುವಾರ ಚರ್ಚಿನಲ್ಲಿ ಬೈಬಲಿನ ಮತ್ತಾಯ 18ನೇ ಅಧ್ಯಾಯ ಓದಿದರು. ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿದ್ದ ಆಳಿನ ಸಾಮ್ಯ, ಅಂದರೆ ಯೇಸುಸ್ವಾಮಿ ಹೇಳಿದ ನೀತಿಕಥೆ. ಅವನ ಸಾಲವನ್ನೆಲ್ಲ ರಾಜ ಬಿಟ್ಟುಬಿಡುತ್ತಾನೆ. ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಬ್ಯಾಂಕಿನವನಲ್ವಾ, ಪ್ರಸಂಗ ಕೇಳುವ ಬದಲು ಕೀರ್ತನೆ ಪುಸ್ತಕದ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ ಆಯಿತು. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆದರೆ ನನ್ನ ಪೆನ್ಸಿಲ್ ನಿಂತಿದ್ದು ಎರಡನೇ ಸಾಲದ ಹತ್ತಿರ. ನೂರು ದಿನಾರಿ ಅಂದರೆ ಮೂರು ತಿಂಗಳ ಮೇಲಿನ ದುಡಿಮೆ. ಅದೇನು ಚಿಲ್ಲರೆ ದುಡ್ಡಲ್ಲ! "ನಿನಗೆ ಆಗಿದ್ದು ಏನು ಮಹಾ" ಅಂತ ಯೇಸುಸ್ವಾಮಿ ಹೇಳಲಿಲ್ಲ. ಸಾಲ ನಿಜ, ನೋವು ನಿಜ. ಅದನ್ನು ಬಿಡು ಅಂದರು. ನಿನ್ನ 17 ಕೂಡ ನಿಜವೇ. ಅದನ್ನು ಸುಳ್ಳು ಮಾಡಿ ನಗುಮುಖ ಹಾಕಿಕೊಂಡು ಓಡಾಡುವುದಕ್ಕೆ ಕೃಪೆ ಅಂತ ಯಾರೂ ಹೇಳುವುದಿಲ್ಲ.

ಮರುದಿನ ಆ ಸೀನಿಯರನ್ನು ಕ್ಯಾಂಟೀನಿಗೆ ಕರೆದೆ. ಬೈ ಟು ಕಾಫಿ. "ಸಾರ್, ಆ 1,200ರ ವಿಷಯದಲ್ಲಿ ನೀವು ಮಾಡಿದ್ದು ತಪ್ಪು. ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಇವತ್ತು ಬಿಡ್ತಾ ಇದ್ದೀನಿ" ಅಂದೆ. ಅವರು ಲೋಟ ಕೆಳಗಿಟ್ಟು, "ಯಾವ 1,200?" ಅಂದರು.

ಮರೆತೇಹೋಗಿತ್ತು ಪುಟ್ಟಿ ಅವರಿಗೆ! ನನಗೆ ಮತ್ತೆ ಉರಿದುಹೋಯಿತು. ಕ್ಷಮೆ ಕೇಳಲಿಲ್ಲ, ರಿಟೈರ್ ಆಗುವವರೆಗೂ ಕೇಳಲಿಲ್ಲ. ಕಾಫಿ ದುಡ್ಡು ಕೂಡ ನಾನೇ ಕೊಟ್ಟೆ. ಆ ಸಂಜೆ ಮಾತ್ರ ನನ್ನ ಸ್ಟಾಪಿನಲ್ಲೇ ಇಳಿದೆ.

ನೀನೂ ಆ ಪಟ್ಟಿ ಅಳಿಸಿಬಿಡು. ಅಳಿಸಿದ ಮೇಲೆ ಮೇಲಕ್ಕೆ ಹೋಗು, ಒಬ್ಬಳೇ ಹೋಗು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡ. ತಪ್ಪು ಮಾಡಿದವನ ಹತ್ತಿರ ನೀನೊಬ್ಬನೇ ಹೋಗಿ ಹೇಳು ಅನ್ನುವುದೂ ಅದೇ ಅಧ್ಯಾಯದಲ್ಲಿದೆ. ಅವರ ಸೀರಿಯಲ್ ಮುಗಿದ ಮೇಲೆ ಹೋಗು, ಇಲ್ಲದಿದ್ದರೆ ದೇವದೂತನೇ ಹೋದರೂ ಬಾಗಿಲು ತೆಗೆಯಲಿಕ್ಕಿಲ್ಲ. ಮೋಟಾರ್ ವಿಷಯ ಒಂದೇ ಹೇಳು. ಸೈಕಲ್, ಹಾಡು ಎಲ್ಲ ಸೇರಿಸಿದರೆ ಜಗಳ ಆಗುತ್ತದೆ. ಅವರು ಒಪ್ಪಿಕೊಳ್ಳುತ್ತಾರೆ ಅಂತ ನಾನು ಹೇಳಲಾರೆ. ನಮ್ಮಿಂದಾದ ಮಟ್ಟಿಗೆ ಸಮಾಧಾನವಾಗಿರಿ ಅಂತ ಬೈಬಲಿನಲ್ಲಿ ಪೌಲನೇ ಬರೆದಿದ್ದಾನೆ. ಆಗದೇ ಹೋಗಬಹುದು ಅಂತ ಅವನಿಗೂ ಗೊತ್ತಿತ್ತು.

ಮಗುವಿನ ಮೇಲೆ ಕೈ ಮಾಡಿದರೆ ಮಾತ್ರ ಒಂದು ನಿಮಿಷವೂ ತಡ ಮಾಡದೆ ಓನರ್‌ಗೆ ಹೇಳು, ಬೇಕಾದರೆ ಪೊಲೀಸಿಗೂ ಹೇಳು. ಆ ಸಾಮ್ಯದಲ್ಲಿ ಉಳಿದ ಆಳುಗಳು ಸುಮ್ನೆ ನೋಡುತ್ತಾ ನಿಲ್ಲಲಿಲ್ಲ, ಹೋಗಿ ರಾಜನಿಗೆ ಹೇಳಿದರು.

ಕ್ರಿಸ್‌ಮಸ್‌ಗೆ ಅವರ ಮನೆಗೆ ತಿಂಡಿ ಕೊಡಲ್ಲ ಅಂದೆಯಲ್ಲ, ಅದನ್ನು ದೊಡ್ಡಮ್ಮನಿಗೆ ಹೇಳಿಬಿಟ್ಟೆ. ಭಾನುವಾರ ಕರ್ಜಿಕಾಯಿ, ಚಕ್ಕುಲಿ ತರುತ್ತೇವೆ. ಮೇಲಿನವರಿಗೆ ಅಂತಲೇ ಬೇರೆ ಡಬ್ಬಿ ತುಂಬಿಟ್ಟಿದ್ದಾಳೆ. ಹಳೇ ಡಬ್ಬಿ, ವಾಪಸ್ ಬರದಿದ್ದರೂ ಬೇಜಾರಿಲ್ಲವಂತೆ.

ನಿನ್ನ ದೊಡ್ಡಪ್ಪ