ಆ ಫೋನ್ ಕರೆಯ ಬಗ್ಗೆ, ದೊಡ್ಡಮ್ಮನಿಂದ

ಪ್ರೀತಿಯ ಮಗಳೇ,

ಯೇಸುವಿನ ನಾಮದಲ್ಲಿ ವಂದನೆ. ನಿನ್ನ ಪತ್ರ ನಾಲ್ಕು ಪುಟ ಇದೆ, ನಾನು ಮೂರನೆಯ ಪುಟದಲ್ಲೇ ನಿಂತುಬಿಟ್ಟಿದ್ದೇನೆ. ಚಿಕ್ಕಪ್ಪನ ವಿಷಯ, ಮಣ್ಣು ಮಾಡಿದ ದಿನ ಯಾರು ಬಂದರು, ಯಾರಿಗೆ ಬರಲಾಗಲಿಲ್ಲ ಎಂಬುದನ್ನೆಲ್ಲ ನಿಮ್ಮಮ್ಮ ಹೇಳಿಯೇ ಇರುತ್ತಾಳೆ. ಅದನ್ನು ಮತ್ತೆ ಬರೆಯುವ ಶಕ್ತಿ ನನಗಿಲ್ಲ.

ರಾತ್ರಿ ಎರಡು ಗಂಟೆಗೆ ನಿನ್ನ ಕೊರೋನಾ ಸಹಾಯವಾಣಿಗೆ ಬಂದ ಕರೆ. ತಾಯಿಗೆ ಉಸಿರಾಡಲು ಆಗುತ್ತಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಬೇಕು ಅಂದ ಮಗ. ಪಟ್ಟಿಯಲ್ಲಿದ್ದ ಅಷ್ಟೂ ಆಸ್ಪತ್ರೆಗಳನ್ನು ಕೇಳಿ, ಎಲ್ಲೂ ಇಲ್ಲ ಅಂದೆ ನೀನು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪ್ರಾರ್ಥನೆಯಾದರೂ ಮಾಡಮ್ಮಾ" ಅಂದನಂತೆ. ನಿನಗೆ ಬಾಯೇ ಬರಲಿಲ್ಲ. ಫೋನ್ ಇಟ್ಟುಬಿಟ್ಟೆ. ಅಂದಿನಿಂದ ಪ್ರಾರ್ಥನೆಗೆ ಕೂತರೆ ನಾಚಿಕೆಯಾಗುತ್ತದೆ, ನನ್ನ ವಿಶ್ವಾಸ ಸತ್ತುಹೋಯಿತಾ ದೊಡ್ಡಮ್ಮ ಅಂತ ಕೇಳಿದ್ದೀಯ.

ಉತ್ತರ ಗೊತ್ತಿದ್ದರೆ ಅಂದೇ ಬರೆಯುತ್ತಿದ್ದೆ. ಹನ್ನೊಂದು ದಿನವಾಯಿತು.

ನನಗೆ ಪ್ರಾರ್ಥನೆ ಎಂದೂ ಕಷ್ಟವಾಗಿರಲಿಲ್ಲ, ನನ್ನ ತೊಂದರೆಯೇ ಅದು. ಸಭೆಯಲ್ಲಿ ಯಾರಾದರೂ ಪ್ರಾರ್ಥಿಸಿ ಅಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಅರಳು ಹುರಿದ ಹಾಗೆ ಮಾತು ಬರುತ್ತಿತ್ತು. ನಿನ್ನ ವಯಸ್ಸಿನಲ್ಲಿದ್ದಾಗ, ಒಂದು ಮಳೆಯ ಸಂಜೆ ಸ್ತ್ರೀಯರ ಪ್ರಾರ್ಥನಾ ಕೂಟಕ್ಕೆ ಗುರುತಿಲ್ಲದ ಹೆಂಗಸೊಬ್ಬಳು ಬಂದಳು. ಗಂಡನಿಗೆ ಜ್ವರ, ಎರಡು ವಾರದಿಂದ ಕೂಲಿಯಿಲ್ಲ. ಔಷಧಿ ಚೀಟಿ ಕೈಯಲ್ಲೇ ಇತ್ತು. ಒದ್ದೆ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಅವಳ ತಲೆಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಪ್ರಾರ್ಥಿಸಿದವಳು ನಾನೇ. ನಡುವೆ ಒಮ್ಮೆ ಕಣ್ಣು ತೆರೆದೆ. ಕೊಡೆಯಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ತಟ್ಟೆಯಷ್ಟಗಲ ನಿಂತಿತ್ತು. ಅದರ ಪಕ್ಕದಲ್ಲಿ ನನ್ನ ಕೈಚೀಲ, ಅದರೊಳಗೆ ಆ ತಿಂಗಳ ಸಂಬಳ. ನೀರು ತಾಗದಿರಲಿ ಅಂತ ಕಾಲಿನಿಂದ ಚೀಲವನ್ನು ಈಚೆಗೆ ಸರಿಸಿ ಮತ್ತೆ ಕಣ್ಣು ಮುಚ್ಚಿಕೊಂಡೆ.

ಬಡವರ ನಿಧಿಯ ಪೆಟ್ಟಿಗೆಗೆ ಎರಡು ಬೀಗ ಇತ್ತು, ಒಂದರ ಕೀಲಿಯವರು ಅಂದು ಬಂದಿರಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವಳು "ಆಮೆನ್" ಅಂದು ಎದ್ದು ಹೋದಳು, ಮತ್ತೆ ಬರಲಿಲ್ಲ. ನನಗೆ ಆ ರಾತ್ರಿ ಒಳ್ಳೇ ನಿದ್ದೆ ಬಂತು, ಮಗಳೇ. ಉಡಲು ಉಣ್ಣಲು ಇಲ್ಲದವರಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಬಾಯಲ್ಲಿ ಹೇಳಿ, ಏನೂ ಕೊಡದೆ ಕಳಿಸಿದರೆ ಪ್ರಯೋಜನವೇನು ಅಂತ ಬೈಬಲಿನಲ್ಲಿ ಯಾಕೋಬ ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕೇಳುತ್ತಾನಲ್ಲ, ಆ ಅಧ್ಯಾಯ ನನಗೆ ಬಾಯಿಪಾಠವಾಗಿತ್ತು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುವುದೂ ಅಲ್ಲೇ ಇದೆ. ಅವನ ಲೆಕ್ಕದಲ್ಲಿ ಸತ್ತದ್ದು ನನ್ನದು. ನೀನು ಅಷ್ಟೂ ಆಸ್ಪತ್ರೆಗೆ ಫೋನ್ ಮಾಡಿದ ಮೇಲೆ ಮಾತು ನಿಂತವಳು.

ಹಾಗಂತ ನಿನ್ನ ಬೆನ್ನು ತಟ್ಟಿ ಮುಗಿಸಲೂ ಮನಸ್ಸಾಗುತ್ತಿಲ್ಲ. ಯಾಕೆಂದರೆ ನನಗೆ ಬುದ್ಧಿ ಬಂದಾಗ ನಾನು ಇನ್ನೊಂದು ತುದಿಗೆ ಹೋದೆ. ಪ್ರಾರ್ಥನಾ ಕೂಟ ಬಿಟ್ಟು ಸಹಾಯ ನಿಧಿಯ ಲೆಕ್ಕ ಹಿಡಿದೆ. ಆರೇಳು ವರ್ಷ ದುಡಿದೆ, ಪ್ರಾರ್ಥಿಸಲಿಲ್ಲ. ಕ್ರಮೇಣ ಯಾರದ್ದು ನಿಜವಾದ ಕಷ್ಟ, ಯಾರದ್ದು ನಾಟಕ ಅಂತ ಮುಖ ನೋಡಿಯೇ ಹೇಳಬಲ್ಲೆ ಅನ್ನುವ ಸೊಕ್ಕು ಬಂತು. 3ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ಪಟ್ಟಣದಲ್ಲಿ ಸಾಂಕ್ರಾಮಿಕ ಬಂದಾಗ ಅಲ್ಲಿನ ಬಿಷಪ್ ಸಿಪ್ರಿಯಾನ್, ನಮ್ಮವರನ್ನಷ್ಟೇ ನೋಡಿಕೊಂಡರೆ ಅದೇನು ದೊಡ್ಡದು, ಹಿಂಸಿಸಿದವರಿಗೂ ಒಳ್ಳೇದು ಮಾಡಿ ಅಂತ ಬೋಧಿಸಿದ್ದರು. ನಾನು ಸದಸ್ಯರ ಪುಸ್ತಕದಲ್ಲಿ ಹೆಸರಿದೆಯಾ ನೋಡಿ ಕೊಡುತ್ತಿದ್ದೆ. ಅದಕ್ಕೇ ನಿನ್ನ ನಾಚಿಕೆಯ ಬಗ್ಗೆ ನನಗೆ ಚಿಂತೆ. ನಾಚಿಕೆಯಿಂದಲ್ಲ, ಅದು ನಿನ್ನನ್ನು ಅತ್ತ ಎಳೆದುಕೊಂಡು ಹೋದೀತು ಅಂತ.

ದೇವರನ್ನು ನಂಬಿದವನಿಗೆ ಯಾವ ವ್ಯಾಧಿಯೂ ತಟ್ಟದು ಅನ್ನುವ 91ನೇ ಕೀರ್ತನೆ ಮೊಬೈಲಿಗೆ ಬಂದು ಬೀಳುತ್ತಲೇ ಇದೆ, ಓದಿದರೆ ಸಿಟ್ಟು ಬರುತ್ತದೆ ಅಂದೆಯಲ್ಲ, ನನಗೂ ಬರುತ್ತದೆ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಕೆಳಕ್ಕೆ ಧುಮುಕು ಅಂದಾಗ ಸೈತಾನನು ಯೇಸುಸ್ವಾಮಿಗೆ ಹೇಳಿದ್ದು ಅದೇ ಕೀರ್ತನೆಯ ಮಾತನ್ನು. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ತೆರೆದು ನೋಡು. 1527ರಲ್ಲಿ ಜರ್ಮನಿಯ ವಿಟನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಸಭಾ ಸುಧಾರಕ ಲೂಥರ್ ಊರು ಬಿಡಲಿಲ್ಲ. ಹೆಂಡತಿ ಬಸುರಿ, ಮನೆಯೇ ಆಸ್ಪತ್ರೆಯಾಗಿತ್ತು. ಓಡಿಹೋಗಬಹುದೇ ಅಂತ ಕೇಳಿದವರಿಗೆ ಅವರು ಬರೆದದ್ದು ಹೀಗೆ: ದೇವರನ್ನು ಬೇಡಿಕೊಳ್ಳುತ್ತೇನೆ, ಆಮೇಲೆ ಹೊಗೆ ಹಾಕುತ್ತೇನೆ, ಔಷಧಿ ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ, ನೆರೆಯವನಿಗೆ ನಾನು ಬೇಕಾದರೆ ತಪ್ಪಿಸಿಕೊಳ್ಳುವುದಿಲ್ಲ. ಎಲ್ಲ ಒಂದೇ ಉಸಿರಿನಲ್ಲಿ. ನಾನು ಅದನ್ನು ಎರಡಾಗಿ ಕತ್ತರಿಸಿ, ಮೊದಲು ಒಂದು ತುಂಡು, ಆಮೇಲೆ ಇನ್ನೊಂದು ತುಂಡು ಹಿಡಿದುಕೊಂಡೆ.

2020ರ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ವ್ಯಾಟಿಕನ್ನಿನ ಖಾಲಿ ಚೌಕದಲ್ಲಿ ಒಬ್ಬರೇ ಪ್ರಾರ್ಥಿಸಿದ್ದನ್ನು ನೀನೂ ನೋಡಿರುತ್ತೀ. ಅವರು ನಮ್ಮ ಸಭೆಯವರಲ್ಲ, ಆದರೂ ನಾನು ಟಿವಿ ಮುಂದೆ ಅತ್ತೆ. ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ ಅಂದರು. ಆ ಮಾತು ನನಗೆ ಪೂರ್ತಿ ಹಿಡಿಸಲಿಲ್ಲ. ದೋಣಿ ಒಂದೇ ಇರಬಹುದು, ತಳದಲ್ಲಿ ನಿಂತು ನೀರು ಎತ್ತಿ ಹಾಕುವವರು ಯಾವಾಗಲೂ ಅವರೇ. ಆಮೇಲೆ ತಿಳಿಯಿತು, ಇದಾಗಿ ಹದಿನಾರು ದಿನಕ್ಕೆ, ಏಪ್ರಿಲ್ 12ರ ಈಸ್ಟರ್ ದಿನ, ಅವರೇ ಜನಚಳವಳಿಗಳಿಗೆ ಒಂದು ಪತ್ರ ಬರೆದು ಬೀದಿ ವ್ಯಾಪಾರಿಗಳು, ಕಟ್ಟಡ ಕೆಲಸದವರು, ಬಟ್ಟೆ ಹೊಲಿಯುವವರು, ರೋಗಿಗಳ ಆರೈಕೆ ಮಾಡುವವರು ಅಂತ ಒಬ್ಬೊಬ್ಬರನ್ನೂ ಎಣಿಸಿ, ಎಲ್ಲರಿಗೂ ಒಂದು ಮೂಲ ವೇತನ ಕೊಡುವುದನ್ನು ಯೋಚಿಸುವ ಕಾಲ ಬಂದಿದೆ ಅಂದಿದ್ದರು. ಆಗ ನನ್ನ ಸಿಟ್ಟು ಇಳಿಯಿತು.

ಹಾಸಿಗೆ ಸಿಗದ್ದು ದೇವರ ಚಿತ್ತ ಅಂತ ಸಭೆಯ ಹಿರಿಯರೇ ಹೇಳಿದರೂ ಕೇಳಬೇಡ. ಹಾಸಿಗೆ ಎಷ್ಟಿರಬೇಕು, ಎಲ್ಲಿರಬೇಕು ಅಂತ ಮನುಷ್ಯರೇ ಕೂತು ಲೆಕ್ಕ ಹಾಕಿ ಸಹಿ ಮಾಡುತ್ತಾರೆ. ಯೆರೂಸಲೇಮಿನ ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಪಾಪಿಗಳೋ ಅಂತ ಕೇಳಿ, ಅಲ್ಲ ಅಂದವರು ಯೇಸುಸ್ವಾಮಿಯೇ. ಇಲ್ಲ ಅಂದ ಕರೆಗಳನ್ನೆಲ್ಲ ದಿನ, ಗಂಟೆ ಹಾಕಿ ಒಂದು ಕಡೆ ಬರೆದಿಡುತ್ತೀಯಾ? ಮುಂದೆ ಯಾರಾದರೂ ಲೆಕ್ಕ ಕೇಳುವಾಗ ಬೇಕಾದೀತು. ನಿನಗೆ ಇರುವ ಕೆಲಸದ ನಡುವೆ ಇದೊಂದನ್ನು ಹೇಳುತ್ತಿದ್ದೇನೆ, ಆಗದಿದ್ದರೆ ಬಿಡು.

ಮತ್ತೆ ಆ ರಾತ್ರಿಯ ವಿಷಯಕ್ಕೇ ಬರುತ್ತೇನೆ. ನಿನಗೆ ಬಾಯಿ ಬರಲಿಲ್ಲ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲನು ರೋಮಾಪುರದವರಿಗೆ ಬರೆದ. ಇದನ್ನು ಎಷ್ಟು ಸಾವಿನ ಮನೆಗಳಲ್ಲಿ ಓದಿದ್ದೇನೋ. ಫೋನ್ ಹಿಡಿದು ಸುಮ್ಮನೆ ಕೂತ ನಿನ್ನನ್ನು ನೆನೆದ ಮೇಲೆ ಅದು ನನಗೆ ಬೇರೆಯಾಗಿ ಕೇಳಿಸುತ್ತಿದೆ. 88ನೇ ಕೀರ್ತನೆಯನ್ನೂ ನೋಡು. ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಸೇರಿಸಿಟ್ಟಿದ್ದಾರೆ. ಒಂದು ರಾತ್ರಿಯಾದರೂ ರಜೆ ತೆಗೆದುಕೊಂಡು ಮಲಗು, ಅದನ್ನು ಮೊದಲೇ ಬರೆಯಬೇಕಿತ್ತು.

ಆತನ ನಂಬರು ಇನ್ನೂ ಇದ್ದರೆ ಒಮ್ಮೆ ಫೋನ್ ಮಾಡಬಹುದೇನೋ. ಆತ ಬಯ್ಯಬಹುದು. ಬೇಡ ಅನಿಸಿದರೆ ಬೇಡ, ನಾನು ದೂರದಲ್ಲಿ ಕೂತು ಹೇಳುವುದು ಸುಲಭ.

ಕೊಡೆ ಹಿಡಿದು ಬಂದವಳ ಹೆಸರನ್ನು ಅಂದು ನಾವ್ಯಾರೂ ಕೇಳಲಿಲ್ಲ. ಅರ್ಧ ಗಂಟೆ "ಈ ಸಹೋದರಿ, ಈ ಸಹೋದರಿ" ಅಂತಲೇ ಪ್ರಾರ್ಥಿಸಿದೆ. ಈಗ ನೆನೆಯೋಣ ಅಂದರೆ ಹೆಸರಿಲ್ಲ. ಆ ಹುಡುಗನ ತಾಯಿಯ ಹೆಸರನ್ನು ನೀನು ಅಂದು ಪುಸ್ತಕದಲ್ಲಿ ಬರೆದುಕೊಂಡಿರುತ್ತೀ. ನನಗೆ ಅದನ್ನು ಕಳಿಸು. ಎರಡು ಗಂಟೆಗೆ ನನಗೆ ಹೇಗೂ ಎಚ್ಚರವಾಗುತ್ತದೆ.

ನಿನ್ನ
ದೊಡ್ಡಮ್ಮ